ಮುಷ್ಟಿ

ಶಾರ್ಜಾದ ಹೊರಗೆ ನಮ್ಮ ಕ್ಯಾಂಪಿರುವ ಜಾಗದ ಹೆಸರು ಸಜಾ.
ಇಟ್ಟವರಿಗೆ ಕನ್ನಡ ಬರುತ್ತಿರಲಿಲ್ಲ, ಪಾಪ.

ಶುಕ್ರವಾರ ಊಟದ ಹಾಲಿನಲ್ಲಿ
ಮೇಜಿನ ಎಣ್ಣೆಜಿಡ್ಡು ಒರೆಸಿ ಒಂದು ಮಷೀನು ಇಟ್ಟಿದ್ದರು.
ಐವತ್ತು ದಿರ್ಹಮ್, ಒಂದು ಬಾಟಲಿ ಲಬನ್,
ಕಬ್ಬಿಣದ ಹಿಡಿಯೊಂದನ್ನು ಅದುಮಿಕೊಂಡು ಕೂತಿರಬೇಕು, ಅಷ್ಟೇ.

ಹೆಸರು?
ಹುಲುಗಪ್ಪ.
ಕೆಲಸ?
ಕಂಬಿ ಕಟ್ಟೂದು.
ದಿನಕ್ಕೆ ಎಷ್ಟು ಗಂಟು?
ಎಣಿಸಿದೋರು ಯಾರ್ರೀ, ಮೂರು ಸಿಂಬಿ ತಂತಿ ಮುಗೀತಾವ.

ಸುಡಾನಿನ ಡಾಕ್ಟರಮ್ಮ ಇಂತಿಸಾರ್ ಅರಬ್ಬಿಯಲ್ಲಿ ಕೇಳುತ್ತಾರೆ,
ಉಪ್ಪಿನಂಗಡಿಯ ಹಸನಬ್ಬ, ನಮ್ಮ ಕ್ಯಾಂಪ್ ಬಾಸ್,
ಪಾಠ ಒಪ್ಪಿಸುವ ಹುಡುಗನ ಕನ್ನಡದಲ್ಲಿ ನನಗೆ ದಾಟಿಸುತ್ತಾನೆ:
‘ಅರ್ಧ ಬಲದಲ್ಲಿ ಹಿಡಿಯಬೇಕಂತೆ. ಬಿಡಬಾರದಂತೆ.’

ಮೊದಲ ನಿಮಿಷ ಪರದೆಯ ಮೇಲೆ
ರಸಮಟ್ಟ ಇಟ್ಟು ಎಳೆದ ಹಾಗೆ ಹಸಿರು ಗೆರೆ.
ಆಮೇಲೆ ಮುಂಗೈಯಲ್ಲಿ ಇರುವೆ ಎದ್ದವು.
ಮೇಲಿನ ಗೆರೆ ಹಾಗೇ ಇತ್ತು, ಅದರ ಕೆಳಗಿನದು ಮಾತ್ರ
ಕಂಬಳಿಹುಳದಂತೆ ರೋಮ ಬಿಡುತ್ತ ದಪ್ಪವಾಯಿತು.
‘ಮೊದಲು ಬಂದ ಎಳೆಗಳು ನಿಧಾನವಾಗಿವೆಯಂತೆ,
ತಲೆ ಹೊಸಬರನ್ನು ಕೂಗಿ ಕರೆಯುತ್ತಿದೆಯಂತೆ.
ಭಾರ ಅಷ್ಟೇ, ಜನ ಜಾಸ್ತಿ.’

ಅದು ನನಗೆ ಗೊತ್ತು.
ನಡುರಾತ್ರಿ ಕಾಂಕ್ರೀಟಿನ ಗಾಡಿ ಬಂದರೆ
ಇಲ್ಲಿ ಅಡಿಗೆಯವನನ್ನೂ ಎಬ್ಬಿಸುತ್ತಾರೆ.

ಕರೆಯದೆ ಹೆಗಲು ಬಂತು.
ದವಡೆ ಬಂತು.
ಚಪ್ಪಲಿಯೊಳಗೆ ಹೆಬ್ಬೆರಳು ಕೂಡ ಮಡಚಿಕೊಂಡು
ತನ್ನ ಕೈಲಾದ್ದು ಮಾಡುತ್ತಿತ್ತು.
ಸರದಿ ಮರೆತು ಎಲ್ಲರೂ ಒಮ್ಮೆಗೇ ಜಗ್ಗುವುದಕ್ಕೆ
ನಡುಕ ಅನ್ನುತ್ತಾರಂತೆ.

‘ಈಗ ಪೂರ್ತಿ! ಇರುವುದೆಲ್ಲ!’
ಕೊಟ್ಟೆ. ಹುಲಿಗೆಮ್ಮನ ಆಣೆ, ಒಂದು ಕಾಳೂ ಉಳಿಸಲಿಲ್ಲ.
ಗೆರೆ ಇಟ್ಟಿಗೆಯೆತ್ತರಕ್ಕೂ ಏರದೆ ಜಾರಿತು.
ಆಗ ಅವರು ಒಂದು ಗುಂಡಿ ಒತ್ತಿದರು.
ಮೊಣಕೈ ಹತ್ತಿರ ಚುರ್ರ್ ಅಂತು, ಮತ್ತು ನನ್ನ ಕೈ
ನನ್ನನ್ನು ಕೇಳದೆ
ಇನ್ನಷ್ಟು ಬಿಗಿದುಕೊಂಡಿತು.

ಗೆರೆಯ ಮೇಲೆ ಮುಳ್ಳಿನಂಥದೊಂದು ಮೊನೆ.
ಡಾಕ್ಟರಮ್ಮ ಪೆನ್ಸಿಲಿನಿಂದ ಅದನ್ನೇ ತೋರಿಸಿದರು.
ಹಸನಬ್ಬ ಮಾತಿಗೆ ತಡಕಾಡಿದ:
‘ಇಷ್ಟು ನಿನ್ನಲ್ಲೇ ಇತ್ತಂತೆ. ತೋಳಿನ ತಪ್ಪಲ್ಲವಂತೆ.
ತಲೆ ಕೊಡಲಿಲ್ಲ.’

ನಾ ಸುಳ್ಳು ಹೇಳಿಲ್ಲ ಅಂತ ಹೇಳು ಅವರಿಗೆ.
‘ಅವರಿಗೆ ಗೊತ್ತಂತೆ.’

ಬೀಸಲು ಜೋಳ ಅಳೆಯುವಾಗೆಲ್ಲ ಅವ್ವ
ಒಂದು ಮುಷ್ಟಿ ಹಿಂದಕ್ಕೆ ತೆಗೆಯುತ್ತಿದ್ದಳು,
ಬಾಗಿಲ ಹಿಂದಿನ ಗಡಿಗೆಗೆ,
ನಾವು ಅರೆಹೊಟ್ಟೆಯಲ್ಲಿ ಎದ್ದ ದಿನವೂ.
ಇನ್ನೊಂದು ರೊಟ್ಟಿ ಕೇಳಿದರೆ ‘ಮುಗೀತು’ ಅನ್ನುವಳು,
ಕಣ್ಣು ಪಿಳುಕಿಸದೆ.
ಸುಳ್ಳೆಂದು ಯಾರಿಗೂ ಅನಿಸುತ್ತಿರಲಿಲ್ಲ, ಬಹುಶಃ ಅವಳಿಗೂ.
ತಂಗಿಯ ಬಾಣಂತನಕ್ಕೆ ಗಡಿಗೆ ಬೋರಲಾದಾಗಲೇ
ಅದು ತುಂಬಿತ್ತೆಂದು ನಮಗೆ ತಿಳಿದದ್ದು.

ಹಸನಬ್ಬಣ್ಣ, ಆ ಮೊನೆ
ಕಂಪನಿಯವರಿಗೆ ತೋರಿಸಬ್ಯಾಡ್ರಿ ಅಂತ ಹೇಳು.

ಅವನು ತಕ್ಷಣ ಹೇಳಲಿಲ್ಲ.
ಬಾಗಿಲ ಕಡೆ ಒಮ್ಮೆ ನೋಡಿ,
ನಾನಂದದ್ದಕ್ಕಿಂತ ಬಹಳ ಉದ್ದ ಏನೋ ಹೇಳಿದ.
ಡಾಕ್ಟರಮ್ಮ ಪೆನ್ಸಿಲು ಕೆಳಗಿಟ್ಟು
ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

ರಾತ್ರಿ ಚಹಾದ ಲೋಟ ತುಟಿ ಮುಟ್ಟುವಷ್ಟರಲ್ಲಿ
ಅರ್ಧ ಅಂಗಿಗೆ ಕುಡಿಸಿದ್ದೆ.
ತೇಜ್ ಬಹಾದ್ದೂರ ಮಾತಾಡದೆ ಲೋಟ ಇಸಕೊಂಡು
ಇನ್ನೊಂದು ಕಾಲು ತುಂಬಿಸಿ ಕೊಟ್ಟ.

ಶನಿವಾರ, ಹನ್ನೆರಡನೆಯ ಸ್ಲ್ಯಾಬು.
ನಾಲ್ಕರ ಹೊತ್ತಿಗೆ ಕೊಕ್ಕೆ ತಿರುಗಲೊಲ್ಲದು.
ಫೋರ್‌ಮನ್ ಮೇಲಿನಿಂದ ಯಲ್ಲಾ, ಯಲ್ಲಾ, ಇನ್ನೊಂದು ಸಾಲು ಅಂದ.
ಮುಗೀತು, ಅಂದೆ,
ಅವನಿಗೆ ತಿಳಿಯದ ಭಾಷೆಯಲ್ಲಿ.
ಸೊಂಟದ ಸಿಂಬಿಯಲ್ಲಿ ಇನ್ನೂ ಎರಡು ಸುತ್ತು ತಂತಿ
ಬಿಸಿಲಿಗೆ ಕಾದು
ಅಂಗಿಯೊಳಗಿಂದ ಸುಡುತ್ತಿತ್ತು.